ಬೆಚ್ಚಗಿನ ತೊಟ್ಟಿ

ಪ್ರೀತಿಯ ಅಕ್ಕನಿಗೆ,

ಮಗುವನ್ನು ನೋಡಲು ಇನ್ನೂ ಎರಡು ತಿಂಗಳು ಬರಲಾಗದು ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದು ಹಾಕು. ಶನಿವಾರ ಬರುತ್ತಿದ್ದೇನೆ.

ನಮ್ಮ ಸಾಕಣೆ ಕೇಂದ್ರದ ತಾಯಿಮೀನುಗಳಿಗೆ ಹೇನು ಹತ್ತಿತ್ತು. ಔಷಧಿಗೆ ಹೇನು ಸಾಯುತ್ತದೆ, ತೊಟ್ಟಿಯ ಗೋಡೆಗೆ ಅಂಟಿದ ಅದರ ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯೊಡೆದು ಮರಿ ಹೊರಬಂದ ಮೇಲೆ ಇನ್ನೊಮ್ಮೆ ಔಷಧಿ ಹಾಕಬೇಕು. ಅಲ್ಲಿಯವರೆಗೆ ನನಗೆ ರಜೆಯಿಲ್ಲ. ತಣ್ಣೀರಿನಲ್ಲಿ ಅದಕ್ಕೆ ಎರಡು ತಿಂಗಳು ಬೇಕು. ನೀರು ಬೆಚ್ಚಗಾದರೆ ಬೇಗ ಒಡೆಯುತ್ತದೆ. ಹಾಗಾಗಿ ತೊಟ್ಟಿಗೆ ಹೀಟರ್ ಹಾಕಿಬಿಟ್ಟೆ.

ಮೇಲ್ವಿಚಾರಕರು ಹೌಹಾರಿದರು. "ಏನಮ್ಮಾ, ಹೇನಿಗೆ ಬಾಣಂತನ ಮಾಡ್ತಿದ್ದೀಯಾ?"

"ಬೇಗ ಹುಟ್ಲಿ ಸಾರ್, ಬೇಗ ಸಾಯ್ಲಿ. ನಾನು ನಮ್ಮಕ್ಕನ ಬಾಣಂತನಕ್ಕೆ ಹೋಗ್ಬೇಕು" ಎಂದೆ.

ಹದಿನೇಳನೇ ದಿನಕ್ಕೆ ಮೊಟ್ಟೆಗಳೆಲ್ಲ ಒಡೆದವು. ನಿನ್ನೆ ಔಷಧಿ ಹಾಕಿದೆ. ಇವತ್ತು ಅವರೇ ಭೂತಗನ್ನಡಿ ಹಿಡಿದು ಹುಡುಕಿದರು, ಒಂದು ಹೇನೂ ಸಿಗಲಿಲ್ಲ. ಅಲ್ಲೇ ರಜೆ ಚೀಟಿಗೆ ಸಹಿ ಹಾಕಿದರು.

ಮಗುವಿನ ಸ್ನಾನದ ನೀರು ಎಷ್ಟು ಬಿಸಿಯಿರಬೇಕು ಎಂದು ಅಮ್ಮನಿಗೂ ನಿನ್ನ ಅತ್ತೆಗೂ ದಿನಾ ಜಟಾಪಟಿ ಎಂದು ಬರೆದಿದ್ದೀಯಲ್ಲ, ಶನಿವಾರದವರೆಗೆ ಹೇಗಾದರೂ ಸುಧಾರಿಸು. ಥರ್ಮಾಮೀಟರ್ ತರುತ್ತಿದ್ದೇನೆ. ಹೊಸದು, ಮೀನಿನದಲ್ಲ.

ಇಂತಿ,
ಬ್ಯಾಗು ಕಟ್ಟಿ ಕುಳಿತಿರುವ ಚಿಕ್ಕಮ್ಮ