ಅರವತ್ತನಾಲ್ಕನೇ ನಂಬರಿನವನನ್ನು ಈ ಭಾನುವಾರ ಆಡಿಸಬೇಡಿ

ಹಾರ್ಬರ್‌ಮೆನ್ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೂರು ವಾರದ ಹಿಂದೆ ತಮ್ಮ ಕಚೇರಿಯಿಂದ ನನ್ನ ಮನೆಗೆ ಒಂದು ಪತ್ರ ಬಂತು. ದಪ್ಪ ಕಾಗದ, ಮೇಲೆ ಉಬ್ಬಚ್ಚಿನ ಲಂಗರು, ಕೆಳಗೆ ತಮ್ಮ ಸಹಿ. ತಂಡದ ಈಗಿನ ಆಟಗಾರರು ಇನ್ನು ಮುಂದೆ ಹಿಂದಿನ ಆಟಗಾರ ಗೇಬ್ ಪಾವ್ಲಿಕ್ ಅವರ ಮನೆಗೆ ಹೋಗತಕ್ಕದ್ದಲ್ಲ, ಅಲ್ಲಿ ನಡೆಯುವ ಆರೋಗ್ಯ ಸಂಬಂಧಿ ಮಾತುಕತೆಗಳಿಂದ ಅವರ ಏಕಾಗ್ರತೆಗೆ ಭಂಗ ಬರುತ್ತದೆ ಎಂದು ಅದರಲ್ಲಿತ್ತು. ನನ್ನ ಮನೆಗೆ ಬರುತ್ತಿದ್ದ ಈಗಿನ ಆಟಗಾರ ಒಬ್ಬನೇ. ಅವನು ಜರೆಲ್ ಫಾಂಟೆನೊ, ನಿಮ್ಮ ಅರವತ್ತನಾಲ್ಕನೇ ನಂಬರು. ಅಕ್ಟೋಬರ್ ಎರಡನೇ ಭಾನುವಾರ ಅವನ ತಲೆಗೆ ಪೆಟ್ಟು ಬಿತ್ತು. ಪರೀಕ್ಷೆ ಮಾಡಿದ್ದೇವೆ, ಪಾಸಾಗಿದ್ದಾನೆ ಎಂದು ನೀವು ಹೇಳುತ್ತೀರಿ. ಅವನು ಹೇಗೆ ಪಾಸಾದ ಎಂಬುದು ನನಗೆ ಗೊತ್ತು. ಅದನ್ನು ಹೇಳಲು ಉಳಿದ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಊರಿನ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿಲ್ಲದಿರಬಹುದು. ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುವುದು ತಮ್ಮ ಹುದ್ದೆಗೆ ಕ್ಷೇಮ. ನನ್ನ ಗಂಡ ಗೇಬ್ ಹನ್ನೊಂದು ವರ್ಷ ಇದೇ ತಂಡದಲ್ಲಿ ಸೆಂಟರ್ ಆಗಿ ಆಡಿದವನು. ಬಗ್ಗಿ ನಿಂತು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು, ಕೊಟ್ಟ ಮರುಗಳಿಗೆಯೇ ಎದುರಿನ ಮುನ್ನೂರು ಪೌಂಡಿನ ಆಳಿಗೆ ತಲೆ ಕೊಡುವುದು, ಇದು ಆ ಜಾಗದ ಕೆಲಸ. ಒಂದೊಂದು ಭಾನುವಾರ ಅರವತ್ತು ಸಲ. ಅವನಿಗೆ ಈಗ ಅರವತ್ತೊಂದು ವರ್ಷ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಡುಗೆಮನೆಯ ಮೇಜು ಹತ್ತಿ ಕೂತು, ಕಾಲು ಚಾಚಿ, ಕಣಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳಲು ಕಾಯುತ್ತಾನೆ. ಅಭ್ಯಾಸಕ್ಕೆ ಹೊತ್ತಾಯಿತೆಂದು ಅವನ ಎಣಿಕೆ. ಸುತ್ತದಿದ್ದರೆ ಇಳಿಯುವುದಿಲ್ಲ. ಹಾಗಾಗಿ ನಾನೇ ಬಿಳಿ ಪಟ್ಟಿ ತಂದು ಸುತ್ತುತ್ತೇನೆ. “ಹೊಸಬಳಾ ನೀನು? ಹಿಮ್ಮಡಿ ಹತ್ರ ಇನ್ನೂ ಬಿಗಿ ಮಾಡಮ್ಮ,” ಎನ್ನುತ್ತಾನೆ. ನಮ್ಮ ಮದುವೆಯಾಗಿ ಮೂವತ್ತಾರು ವರ್ಷವಾಯಿತು. ನಾನು ಬಿಗಿ ಮಾಡುತ್ತೇನೆ.

ಇದನ್ನು ಹೇಳಿ ಕಣ್ಣೀರು ಹಾಕಿಸುವ ಉದ್ದೇಶ ನನಗಿಲ್ಲ. ಗೇಬ್‌ನ ವಿಷಯದಲ್ಲಿ ನಿಮ್ಮಿಂದ ನನಗೆ ಏನೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ‘ಹಿಂದಿನ ಆಟಗಾರರ ದಿನ’ ಎಂದು ಮುದುಕರಿಗೆ ಹಳೆಯ ಅಂಗಿ ತೊಡಿಸಿ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತೀರಲ್ಲ, ಅದಕ್ಕೂ ಅವನನ್ನು ಕರೆಯಬೇಡಿ. ಹೇಗಿದ್ದರೂ ಐದು ವರ್ಷದಿಂದ ಕರೆದಿಲ್ಲ. ಸಾಲಿನಲ್ಲಿ ನಿಂತವನು ನಿಂತಲ್ಲಿ ನಿಲ್ಲುತ್ತಾನೆಂಬ ಖಾತ್ರಿ ಇಲ್ಲದವರನ್ನು ಕರೆಯುವುದಿಲ್ಲ ಎಂದು ಕೇಳಿದ್ದೇನೆ. ಬಹಳ ಸರಿಯಾದ ನಿರ್ಧಾರ. ಗತವೈಭವ ನೆಟ್ಟಗೆ ನಿಲ್ಲಬೇಕು, ಟಿ.ವಿ.ಯಲ್ಲಿ ಬರುತ್ತದೆ.

ನಮ್ಮ ತಂಡದಲ್ಲಿ ಒಂದು ರೂಢಿ ಇದೆ. ತಮ್ಮ ನಿಯಮಗಳ ಪುಸ್ತಕದಲ್ಲಿ ಅದು ಸಿಕ್ಕುವುದಿಲ್ಲ. ಒಂದು ಜಾಗಕ್ಕೆ ಹೊಸದಾಗಿ ಆಡಲು ಬಂದವನು, ಅದೇ ಜಾಗದಲ್ಲಿ ಹಿಂದೆ ಆಡಿದವನ ಮನೆಗೆ ಮಂಗಳವಾರ, ಅಂದರೆ ಆಟಗಾರರ ರಜೆಯ ದಿನ, ಊಟಕ್ಕೆ ಹೋಗುತ್ತಾನೆ. ಗೇಬ್ ಕೂಡ ತನ್ನ ಕಾಲದಲ್ಲಿ ಹೀಗೆ ಒಬ್ಬ ಹಿರಿಯನ ಮನೆಯಲ್ಲಿ ಉಂಡವನೇ. ಜರೆಲ್ ನಾಲ್ಕು ವರ್ಷದ ಹಿಂದೆ ಲೂಸಿಯಾನಾದಿಂದ ಇಲ್ಲಿಗೆ ಬಂದ. ಮೊದಲ ಮಂಗಳವಾರ ನಾನು ಎಲೆಕೋಸು, ಬೆಣ್ಣೆ ಹಾಕಿದ ಹಲುಷ್ಕಿ, ಅಂದರೆ ನಮ್ಮ ಮನೆಯ ಸಪ್ಪೆ ಹಿಟ್ಟಿನ ತಿನಿಸು, ಬಡಿಸಿದರೆ ಜೇಬಿನಿಂದ ಖಾರದ ಸಾಸಿನ ಬಾಟಲಿ ತೆಗೆದ. “ಬೇಜಾರು ಮಾಡ್ಕೋಬೇಡಿ ಅಮ್ಮಾ, ನಿಮ್ಮಡುಗೆ ಚೆನ್ನಾಗೇ ಇದೆ, ಇದು ನನ್ನ ನಾಲಿಗೆ ಕಾಯಿಲೆಗೆ,” ಎಂದ. ಗೇಬ್ ಅವನ ಹೆಸರನ್ನು ಒಮ್ಮೆಯೂ ನೆನಪಿಟ್ಟುಕೊಂಡಿಲ್ಲ. ಆದರೆ ಆ ಭುಜ ಬಾಗಿಲಲ್ಲಿ ಕಂಡರೆ ಸಾಕು, ಬೆಂಚಿನಲ್ಲಿ ಸರಿದು ಜಾಗ ಬಿಡುತ್ತಿದ್ದ. ಇಬ್ಬರೂ ಉಪ್ಪಿನ ಡಬ್ಬಿ, ಚಮಚ ಇಟ್ಟುಕೊಂಡು ಕಾಲು ಎಲ್ಲಿಡಬೇಕು, ಸೊಂಟ ಎಷ್ಟು ಬಗ್ಗಬೇಕು ಎಂದು ಮಾತಾಡುವಾಗ ನನ್ನ ಗಂಡ ನನಗೆ ಒಂದು ಗಂಟೆಯ ಮಟ್ಟಿಗೆ ವಾಪಸು ಸಿಗುತ್ತಿದ್ದ.

ಈಗ ನಾನು ಆಡಬಾರದ ಮಾತನ್ನು ಆಡುತ್ತೇನೆ. ಬೇಸಿಗೆಯಲ್ಲಿ, ಪಂದ್ಯಗಳು ಶುರುವಾಗುವ ಮೊದಲು, ನೀವು ಪ್ರತಿ ಆಟಗಾರನ ನೆನಪಿನ ಪರೀಕ್ಷೆ ಮಾಡುತ್ತೀರಿ. ಪದಗಳನ್ನು ಓದುತ್ತೀರಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೀರಿ, ಅಂಕ ಬರೆದಿಡುತ್ತೀರಿ. ತಲೆಗೆ ಪೆಟ್ಟು ಬಿದ್ದ ದಿನ ಅದೇ ಪರೀಕ್ಷೆ ಮತ್ತೆ. ಅಂಕ ಬೇಸಿಗೆಯದಕ್ಕಿಂತ ಕೆಳಗಿಳಿಯದಿದ್ದರೆ ಆಡಬಹುದು. ಬಹಳ ವೈಜ್ಞಾನಿಕ. ಈ ವರ್ಷ ಆಗಸ್ಟಿನ ಒಂದು ಮಂಗಳವಾರ ನನ್ನ ಅಡುಗೆಮನೆಯಲ್ಲಿ ನಡೆದ ಮಾತು ಇದು:

“ಹತ್ತು ಪದ ಓದಿದ್ರು ಅಮ್ಮಾ. ಒಂಬತ್ತು ಬಾಯಿ ತುದೀಲೇ ಇತ್ತು. ಐದೇ ಹೇಳ್ದೆ. ಆಮೇಲೆ ತಲೆ ಕೆರ್ಕೊಂಡು ಕೂತೆ.”

“ಯಾಕಪ್ಪಾ?”

“ಬೇಸಿಗೇಲಿ ದಡ್ಡ ಆಗ್ಬಿಟ್ರೆ, ಅಕ್ಟೋಬರ್‌ನಲ್ಲಿ ಪೆಟ್ಟು ತಿಂದ್ಮೇಲೂ ಅಷ್ಟೇ ದಡ್ಡ. ಯಾರಿಗ್ ಗೊತ್ತಾಗತ್ತೆ? ಎಲ್ರೂ ಮಾಡ್ತಾರೆ.”

ಎರಡು ದಿನದಿಂದ ಬಾಯಿ ಬಿಡದಿದ್ದ ಗೇಬ್ ಮೇಜು ಗುದ್ದಿ ನಕ್ಕ. “ಭಲೇ! ನಂಗೆ ಇವಳು ಕಾರಲ್ಲಿ ಹೇಳ್ಕೊಡ್ತಿದ್ಲು ಕಣಯ್ಯಾ!” ಎಂದು ನನ್ನ ಕಡೆ ಕೈ ತೋರಿಸಿದ. ‘ಇವಳು’ ಎಂದನಲ್ಲ, ನಾನು ಯಾರೆಂದು ಆ ಕ್ಷಣ ಅವನಿಗೆ ಗೊತ್ತಿತ್ತು. ಆ ಖುಷಿಗೆ ನಾನೂ ನಕ್ಕೆ. ಜರೆಲ್‌ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಗೇಬ್ ಹೇಳಿದ್ದು ನಿಜ. ಸಾವಿರದ ಒಂಬೈನೂರ ತೊಂಬತ್ತೊಂದರ ನವೆಂಬರ್. ಭಾನುವಾರ ಪೆಟ್ಟು ತಿಂದಿದ್ದ, ಸೋಮವಾರ ತಂಡದ ವೈದ್ಯರ ಹತ್ತಿರ ಹೋಗಬೇಕಿತ್ತು. ನಾನು ಕಾರು ಓಡಿಸುತ್ತಿದ್ದೆ. “ಇದು ಯಾವ ತಿಂಗಳು ಗೇಬ್?” “ಮಾರ್ಚ್.” “ನವೆಂಬರ್. ಹೇಳು, ನವೆಂಬರ್.” “ನವೆಂಬರ್.” “ನಿನ್ನೆ ಯಾರ ಮೇಲೆ ಆಡಿದ್ರಿ?” ಹೀಗೆ ಸರೋವರದ ದಂಡೆಯ ರಸ್ತೆಯುದ್ದಕ್ಕೂ ಪಾಠ ಹೇಳಿಕೊಟ್ಟೆ. ಅವನು ಪಾಸಾದ. ಹಿಂದಿರುಗುವಾಗ ಹೋಟೆಲಿನಲ್ಲಿ ಪ್ಯಾನ್‌ಕೇಕ್ ತಿಂದು ಸಂಭ್ರಮಪಟ್ಟೆವು. ಮುಂದಿನ ಭಾನುವಾರ ಆಡಿದ, ಅದರ ಮುಂದಿನ ಭಾನುವಾರವೂ ಆಡಿದ. ಅವನನ್ನು ಯಾರೂ ಕಟ್ಟಿ ಎಳೆದುಕೊಂಡು ಹೋಗಲಿಲ್ಲ, ಮಾನ್ಯರೇ. ಅವನ ತಲೆಯನ್ನು ತಂಡಕ್ಕೆ ಕೊಟ್ಟವರಲ್ಲಿ ನಾನೂ ಒಬ್ಬಳು. ಆ ‘ಮಾರ್ಚ್’ ಅನ್ನು ನಾನು ತಿದ್ದದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದೆ ಕಳೆದ ದಿನ ನನಗಿಲ್ಲ.

ಇನ್ನು ಅಕ್ಟೋಬರಿನ ಆ ಭಾನುವಾರಕ್ಕೆ ಬರುತ್ತೇನೆ. ಜರೆಲ್ ಬಿದ್ದದ್ದನ್ನು ಎಪ್ಪತ್ತು ಸಾವಿರ ಜನ ನೋಡಿದರು. ಎದ್ದ, ಮೊಣಕಾಲು ಕುಸಿಯಿತು, ಮತ್ತೆ ಎದ್ದ. ಮೈದಾನದ ಪಕ್ಕದಲ್ಲಿ ನೀವು ಪರೀಕ್ಷೆ ಮಾಡುವ ನೀಲಿ ಗುಡಾರದೊಳಗೆ ಎಂಟು ನಿಮಿಷ ಇದ್ದ. ಹೊರಗೆ ಬಂದು ಆಡಿದ. ಹತ್ತು ಪದ ಕೇಳಿದಾಗ ಐದು ಹೇಳಿರಬೇಕು, ಬೇಸಿಗೆಯಲ್ಲೂ ಐದೇ ಹೇಳಿದ್ದನಲ್ಲ? ಒಂಬತ್ತು ಬಾಯಿ ತುದಿಯಲ್ಲಿದ್ದವನ ಹತ್ತಿರ ಐದೇ ಉಳಿದಿತ್ತು ಎಂದು ನಿಮ್ಮ ಕಾಗದಕ್ಕೆ ಹೇಗೆ ಗೊತ್ತಾಗಬೇಕು?

ಎರಡು ದಿನ ಬಿಟ್ಟು, ಮಂಗಳವಾರ, ಹೆಂಡತಿ ಕ್ಲೋಡೆಟ್‌ಳನ್ನೂ ಕರೆದುಕೊಂಡು ಊಟಕ್ಕೆ ಬಂದ. ಅವಳಿಗೆ ಆಗ ಆರು ತಿಂಗಳು. ಅದರ ಹಿಂದಿನ ದಿನವೇ ಇಬ್ಬರೂ ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ಕೇಳಿ ಬಂದಿದ್ದರು. “ಹೇಗಿತ್ತಪ್ಪಾ? ಏನಂದ್ರು ಡಾಕ್ಟ್ರು?” ಎಂದು ಕೇಳಿದೆ. ಜರೆಲ್ ಮೊದಲು ನಕ್ಕ. ಆಮೇಲೆ ಹೆಂಡತಿಯ ಕಡೆ ತಿರುಗಿ, “ನೀನೇ ಹೇಳೇ, ನೀನು ಚೆನ್ನಾಗಿ ಹೇಳ್ತೀಯ,” ಎಂದ. ಅವಳು ಮುಖ ಅರಳಿಸಿಕೊಂಡು ಹೇಳತೊಡಗಿದಳು. ಅವನು ಅವಳ ಬಾಯಿಯನ್ನೇ ನೋಡುತ್ತ, ಮೊದಲ ಸಲ ಕೇಳುವವನಂತೆ ಕೇಳಿದ.

ಅದು ಅವನು ಮೊದಲ ಸಲ ಕೇಳುತ್ತಿದ್ದುದೇ. ಅದನ್ನು ಗುರುತಿಸಲು ಈ ಊರಿನಲ್ಲಿ ನನಗಿಂತ ಹೆಚ್ಚಿನ ತಜ್ಞರಿಲ್ಲ. ಮೂವತ್ತೈದರ ಹೊತ್ತಿಗೆ ಗೇಬ್ ಹೀಗೇ ಶುರು ಮಾಡಿದ್ದ. ಯಾರು ಏನು ಕೇಳಿದರೂ ಮೊದಲು ಒಂದು ನಗು, ಆಮೇಲೆ “ನೀನೇ ಹೇಳೇ.” ನಮ್ಮ ಪ್ರವಾಸದ ಕಥೆ, ಮಗಳು ಹುಟ್ಟಿದ ರಾತ್ರಿಯ ಕಥೆ, ಎಲ್ಲವನ್ನೂ ನಾನೇ ಹೇಳಿದೆ. ನನ್ನ ಮಾತೆಂದರೆ ಇವನಿಗೆ ಎಷ್ಟು ಇಷ್ಟ ಎಂದು ಹತ್ತು ವರ್ಷ ಉಬ್ಬಿ ತಿರುಗಿದೆ. ಅವನ ಹತ್ತಿರ ಆ ಕಥೆಗಳು ಇರಲೇ ಇಲ್ಲ. ಕ್ಲೋಡೆಟ್‌ಳ ಮುಖದ ಮೇಲೆ ಆವತ್ತು ಕಂಡದ್ದು ಅದೇ ಹಿಗ್ಗು.

ಮರುದಿನ ತಮ್ಮ ಕಚೇರಿಗೆ ಫೋನ್ ಮಾಡಿದೆ. ತಮ್ಮ ಸಹಾಯಕರೊಬ್ಬರು ಎತ್ತಿಕೊಂಡರು. “ಮೇಡಂ, ಅವರ ಪರೀಕ್ಷೆ ಆಗಿದೆ, ಅಂಕ ಸರಿ ಇದೆ. ನೀವ್ಯಾಕೆ ತಲೆ ಕೆಡಿಸ್ಕೋತೀರಾ?” ಎಂದರು. ಇನ್ನೊಮ್ಮೆ ನೋಡಿ, ಅವನು ಸರಿಯಿಲ್ಲ ಎಂದು ಬೇಡಿಕೊಂಡೆ. “ನೀವು ಡಾಕ್ಟರಾ?” ಎಂದರು. ಆಗಲೇ ನಾನು ಬೇಸಿಗೆಯ ಸಂಗತಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮನೆಯಲ್ಲಿ ಉಂಡವನ ಮಾತನ್ನು ಹೊರಗೆ ಹಾಕಬಾರದು ಎಂದು ತುಟಿ ಕಚ್ಚಿಕೊಂಡೆ. ಶುಕ್ರವಾರ ತಮ್ಮ ದಪ್ಪ ಕಾಗದ ಬಂತು. ಬೆಂಕಿ ಬಿದ್ದಿದೆ ಎಂದು ಕೂಗಿದವಳನ್ನು ಸದ್ದು ಮಾಡಿದ್ದಕ್ಕೆ ಹಿಡಿದು ಹೊರಗೆ ಹಾಕಿದಿರಿ.

ಆಮೇಲೆ ಜರೆಲ್‌ಗೇ ಫೋನ್ ಮಾಡಿದೆ. “ಯಜಮಾನ್ರು ಊಟ ಮಾಡಿದ್ರಾ ಅಮ್ಮಾ?” ಎಂದ. ಮಾಡಿದರು ಎಂದೆ. ನೀನೇ ಹೋಗಿ ನಿಜ ಹೇಳಪ್ಪಾ, ಈ ವರ್ಷ ಸಾಕು ಮಾಡು ಎಂದೆ.

“ನನ್ನ ಜಾಗಕ್ಕೆ ಇಬ್ರು ಕಾಯ್ತಾ ಕೂತಿದಾರೆ ಅಮ್ಮಾ. ಒಂದ್ಸಲ ನಾನು ಹೊರಗೆ ಕೂತ್ರೆ ಮತ್ತೆ ಎದ್ದೇಳಕ್ಕೆ ಬಿಡಲ್ಲ. ಆವತ್ತು ನಿಮ್ಮನೇಲಿ ಹೇಳಿದ್ದು ಅಲ್ಲೇ ಇರ್ಲಿ. ಆಣೆ ಮಾಡಿ.”

ಅವನ ದನಿಯಲ್ಲಿ ಎಷ್ಟು ಭಯ ಇತ್ತೆಂದರೆ, ಆಣೆ ಮಾಡಿದೆ. “ಯಜಮಾನ್ರು ಊಟ ಮಾಡಿದ್ರಾ?” ಎಂದು ಮತ್ತೆ ಕೇಳಿದ. ಮಾಡಿದರು ಎಂದೆ. ಫೋನ್ ಇಡುವ ಮೊದಲು ಮೂರನೆಯ ಸಲ ಕೇಳಿದ. ಅದಾದ ಮೇಲೆ ಅವನು ನನ್ನ ಫೋನ್ ಎತ್ತಿಲ್ಲ, ಕ್ಲೋಡೆಟ್ ಕೂಡ ಎತ್ತಿಲ್ಲ. ಅವನು ಇನ್ನೂ ಮೂರು ಪಂದ್ಯ ಆಡಿದ್ದಾನೆ. ನಾನು ಟಿ.ವಿ. ಹಾಕಿ, ಸದ್ದು ಆರಿಸಿ, ಅವನು ಪ್ರತಿ ಸಲ ಬಿದ್ದು ಏಳುವವರೆಗೆ ಎಣಿಸುತ್ತ ಕೂತಿರುತ್ತೇನೆ.

ಈ ಪತ್ರ ಅಚ್ಚಾದ ಮೇಲೆ ಊರಿನಲ್ಲಿ ನನಗೆ ಎಂಥ ಮರ್ಯಾದೆ ಸಿಗುತ್ತದೆಂದು ಗೊತ್ತು. ತಂಡ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಗೆಲ್ಲುತ್ತಿದೆ. ನಿನ್ನೆ ಬೇಕರಿಯಲ್ಲಿ ನನ್ನ ಬಾಲ್ಯದ ಗೆಳತಿಗೆ ಸುಮ್ಮನೆ ಸುಳಿವು ಕೊಟ್ಟೆ. “ಅವನಿಲ್ದೆ ಗೆಲ್ತೀವೇನೇ ಡೋರಿನ್? ಜನವರೀಲಿ ಪಂದ್ಯಗಳು ಮುಗಿಯೋವರ್ಗೂ ತಡ್ಕೊಳೇ, ಆಮೇಲೆ ಏನ್ ಬೇಕಾದ್ರೂ ಬರಿ,” ಎಂದಳು. ಅವಳು ಕೆಟ್ಟವಳಲ್ಲ. ಗೇಬ್ ಮನೆ ಬಿಟ್ಟು ತಪ್ಪಿಸಿಕೊಂಡಾಗಲೆಲ್ಲ ಹುಡುಕಲು ಮೊದಲು ಬರುವವಳು ಅವಳೇ. ಅವಳೇ ಹೀಗೆಂದರೆ ಉಳಿದವರನ್ನು ನಾನು ಏನೆಂದು ಕೇಳಲಿ?

ಆದ್ದರಿಂದ ನಿಮ್ಮನ್ನು ಕೇಳುತ್ತೇನೆ, ಏಕೆಂದರೆ ಅವನನ್ನು ತಡೆಯುವ ಅಧಿಕಾರ ಇರುವುದು ನಿಮ್ಮ ಒಂದು ಸಹಿಗೆ. ಬೇಸಿಗೆಯ ಆ ಅಂಕ ಸುಳ್ಳು. ಅದನ್ನು ಹರಿದುಹಾಕಿ. ತಂಡದ ಸಂಬಳ ತಿನ್ನದ ವೈದ್ಯರೊಬ್ಬರ ಮುಂದೆ ಅವನನ್ನು ಕೂರಿಸಿ. ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಬೇಡಿ, ಅವಳು ಉತ್ತರ ಹೇಳಿಕೊಡುತ್ತಾಳೆ, ಪ್ರೀತಿಯಿಂದಲೇ ಹೇಳಿಕೊಡುತ್ತಾಳೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ಏನು ಕೇಳಿಸಿಕೊಂಡೆ ಎಂದು ಅವನನ್ನೊಬ್ಬನನ್ನೇ ಕೇಳಿ. ಅಲ್ಲಿಯವರೆಗೆ ಅವನ ತಲೆಗೆ ಹೆಲ್ಮೆಟ್ ಹಾಕಬೇಡಿ. ನಾನು ಹೇಳಿದ್ದು ತಪ್ಪಾಗಿದ್ದರೆ, ಪರೀಕ್ಷೆಯಲ್ಲಿ ಅವನು ನಿಜವಾಗಿ ಗೆದ್ದರೆ, ನನ್ನನ್ನು ಹುಚ್ಚಿ ಎಂದು ಇದೇ ಪತ್ರಿಕೆಯ ಮೊದಲ ಪುಟದಲ್ಲಿ ಬರೆಸಿ. ನಾನು ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸುತ್ತೇನೆ. ಅದಕ್ಕಿಂತ ದೊಡ್ಡ ಆಸೆ ನನಗೆ ಈಗ ಇಲ್ಲ.

ಶನಿವಾರ ಸಂಜೆಯೊಳಗೆ ಉತ್ತರ ಬರದಿದ್ದರೆ ಭಾನುವಾರ ಆಟಗಾರರು ಒಳಗೆ ಹೋಗುವ ಗೇಟಿನ ಮುಂದೆ ನಿಂತಿರುತ್ತೇನೆ. ಕಾವಲಿನವರು ತಳ್ಳಿದರೆ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ಜರೆಲ್ ನನ್ನ ಮುಖ ನೋಡುವುದಿಲ್ಲ, ಗೊತ್ತು. ಆಣೆ ಮಾಡಿ ಮೋಸ ಮಾಡಿದ ಮುದುಕಿ ಎಂದು ಸಾಯುವವರೆಗೂ ನನ್ನನ್ನು ದ್ವೇಷಿಸಬಹುದು. ದ್ವೇಷಿಸಲಿ. ಇನ್ನು ಇಪ್ಪತ್ತು ವರ್ಷ ಬಿಟ್ಟು ನನ್ನನ್ನು ಬೈಯಬೇಕಾದರೆ, ಆಗಲೂ ಅವನಿಗೆ ನಾನು ಯಾರೆಂದು ನೆನಪಿರಬೇಕಲ್ಲ. ನನಗೆ ಅಷ್ಟು ಸಾಕು.

ಇಂತಿ,
ಕೊಟ್ಟ ಮಾತಿಗೆ ತಪ್ಪಿದ
ಡೋರಿನ್ ಪಾವ್ಲಿಕ್
ಆಶ್ ಸ್ಟ್ರೀಟ್, ಪೋರ್ಟ್ ಹ್ಯಾಲಕ್