ಪ್ರಾಣ ಮೊದಲು, ಸಬ್ಬತ್ ಆಮೇಲೆ

ಫಿಂಚ್ಲಿ, ಲಂಡನ್
ಗುರುವಾರ, ೧೨ ಫೆಬ್ರವರಿ ೨೦೦೯

ನನ್ನ ಮುದ್ದು ಶೆವಿಗೆ,

ಮೊದಲು ಹೊಟ್ಟೆ ತುಂಬ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಇವತ್ತಿಗೆ ಹತ್ತು ದಿನ. ಉತ್ತರ ಬರೆಯಲೆಂದು ಐದು ಸಲ ಕೂತೆ, ಐದು ಸಲ ಎದ್ದೆ. ಮಂಡಿನೋವು ಎಂದು ನೆವ ಹೇಳೋಣವೆಂದುಕೊಂಡಿದ್ದೆ. ಆದರೆ ಮಂಡಿಯಿಂದ ಯಾರೂ ಕಾಗದ ಬರೆಯುವುದಿಲ್ಲವಲ್ಲ! ಫೋನು ಮಾಡಿದರೆ ನಿನ್ನ ಶಿಬಿರದಲ್ಲಿ ಎರಡು ಮಾತಿಗೆ ಕಟ್ಟಾಗುತ್ತದೆ. ಭಾನುವಾರ ಡಾಕ್ಟರ್ ಫ್ಲೆಶರ್ ಸಲೈನ್ ಪೆಟ್ಟಿಗೆಗಳ ಜೊತೆ ಮಲಾವಿಗೆ, ನಿನ್ನ ಶಿಬಿರಕ್ಕೇ ಹೊರಡುತ್ತಿದ್ದಾನೆ. ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಶಿಬಿರದಲ್ಲಿ ಕಾಲರಾ ಶುರುವಾಗಿ ಮೂರು ವಾರ. ನೀರಿನ ಹೊಣೆ ಪೂರ್ತಿ ನಿನ್ನ ತಲೆಯ ಮೇಲಿದೆ. ಇಲ್ಲಿ ನಿನ್ನಮ್ಮನಿಗೆ ವೈದ್ಯರು ಕೊಟ್ಟಿರುವುದು ಒಂದು ತಿಂಗಳು, ಹೆಚ್ಚೆಂದರೆ ಐದು ವಾರ. "ಬರಲೋ, ಇಲ್ಲೇ ಇರಲೋ, ಹೇಳಿ ಆಂಟಿ" ಎಂದು ಕೇಳಿದ್ದೀಯ. ಕೆಳಗೆ ನೀನೇ ಬರೆದೂ ಬಿಟ್ಟಿದ್ದೀಯ: "ನೀವೇನು ಹೇಳುತ್ತೀರೋ ನನಗೆ ಗೊತ್ತು. ನಿಮ್ಮಪ್ಪ ಹೇಳಿದ್ದನ್ನೇ ಹೇಳುತ್ತೀರಿ."

ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳು. ಮುದುಕಿಯನ್ನು ಒಂದಿಷ್ಟು ಹಿಂದಕ್ಕೆ ಹೋಗಲು ಬಿಡು.

ನೀನು ಮೊದಲ ಸಲ ಬಂದ ದಿನ ನೆನಪಿದೆಯಾ? ನಮ್ಮ ಪ್ರಾರ್ಥನೆಯ ಸಿನಗಾಗಿನ ಹಿಂದಿನ ಆ ಥಂಡಿ ಸಭಾಂಗಣ, ಬಣ್ಣ ಮಾತ್ರ ಇದ್ದ ಚಹಾ, ತಟ್ಟೆಯಲ್ಲಿ ಉಪ್ಪುಮೀನು. ಪರದೇಶಗಳಿಗೆ ಪರಿಹಾರದ ಕೆಲಸಕ್ಕೆ ಹೊರಡುವ ನಮ್ಮ ಯಹೂದಿ ಮಕ್ಕಳಿಗೆ, ಹೋಗಿ ಕೈ ಸುಟ್ಟುಕೊಂಡು ಬಂದ ನಮ್ಮಂಥ ಹಳಬರು ಒಂದು ವರ್ಷ ಜೊತೆ ಕೊಡಬೇಕೆಂದು ಯಾರಿಗೋ ಹೊಳೆದಿತ್ತು. ನಾವು ಏಳು ಜನ ಹಳಬರು, ನೀವು ಏಳು ಜನ ಮಕ್ಕಳು. ನನ್ನ ಪಾಲಿಗೆ ನೀನು ಬಂದೆ, ಒದ್ದೆ ಕೂದಲು, ಕೈಯಲ್ಲಿ ಹದಿನಾಲ್ಕು ಪ್ರಶ್ನೆಗಳ ಹಾಳೆ.

"ಒಂದನೇದು. ಊಟಕ್ಕೆ ಹಂದಿಮಾಂಸ ಬಡಿಸಿದ್ರೆ ಏನ್ ಹೇಳೋದು ಆಂಟಿ?"

"ಹೊಟ್ಟೆ ಕೆಟ್ಟಿದೆ ಅನ್ನು. ಶಿಬಿರದಲ್ಲಿ ಅದನ್ನ ನಂಬದೋರು ಯಾರೂ ಇಲ್ಲ."

"ಅದು ಸುಳ್ಳಲ್ವಾ?"

"ಹೋಗಿ ಎರಡು ದಿನ ಇರು, ನಿಜ ಆಗುತ್ತೆ."

ನೀನು ನಕ್ಕ ನಗುವಿಗೆ ಚಹಾ ಹಾಳೆಯ ಮೇಲೆ ಚೆಲ್ಲಿ ಎರಡರಿಂದ ಆರನೇ ಪ್ರಶ್ನೆಯವರೆಗೆ ಅಳಿಸಿಹೋಯಿತು. ಏಳನೆಯದು ಉಳಿಯಿತು. "ಸಬ್ಬತ್ ದಿನ ಜೀಪು ಹತ್ತಬಹುದಾ?" ನಾನು ಹೆಮ್ಮೆಯಿಂದ, ನಮ್ಮ ಹಿರಿಯರೆಲ್ಲ ಹೇಳಿಕೊಂಡು ಬಂದದ್ದನ್ನು ಹೇಳಿದೆ. ಒಂದು ಜೀವ ಉಳಿಸಬೇಕಾಗಿ ಬಂದರೆ, ಶನಿವಾರ ಗಾಡಿ ಹತ್ತದೆ, ಪೆನ್ನು ಮುಟ್ಟದೆ ವಿಶ್ರಮಿಸಬೇಕೆಂಬ ಸಬ್ಬತ್ತೂ ಪಕ್ಕಕ್ಕೆ ಸರಿಯಬೇಕು. ಪ್ರಾಣ ಮೊದಲು, ಸಬ್ಬತ್ ಆಮೇಲೆ. ನೀನು ಆಗಲೇ ತುಂಟಿ. "ವರದಿ ಬರೆಯೋದೂ ಪ್ರಾಣ ಉಳಿಸೋದಾ?" ಎಂದೆ. "ವರದಿ ತಡ ಆದ್ರೆ ಕ್ಲೋರಿನ್ ತಡ, ಕ್ಲೋರಿನ್ ತಡ ಆದ್ರೆ ಹೆಣ ಬೀಳುತ್ತೆ. ಬರಿ ತಾಯಿ, ಬರಿ" ಎಂದೆ ನಾನು. ಎಲ್ಲರೂ ನಕ್ಕರು.

ಈಗ ಕೂತು ಯೋಚಿಸಿದರೆ ಅನ್ನಿಸುತ್ತದೆ, ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ಬೇರೆಯವರು ಕೆಲಸದ ಹುಚ್ಚಿಗೆ ಮನೆಮಠ ಮರೆತರೆ ಅವರಿಗೆ ಒಳಗೊಳಗೇ ಚುಚ್ಚುತ್ತದೆ. ನಮಗೆ ಚುಚ್ಚುವುದೂ ಇಲ್ಲ, ದೇವರೇ ರಜಾಚೀಟಿ ಬರೆದುಕೊಟ್ಟ ಹಾಗೆ. ತಂಗಿಯ ಮದುವೆ ತಪ್ಪಿಸಿಕೊಂಡೆಯಾ? ಪ್ರಾಣ ಉಳಿಸುತ್ತಿದ್ದೆ. ಪಾಸ್ಕ ಹಬ್ಬಕ್ಕೆ ಮನೆಗೆ ಬರಲಿಲ್ಲವಾ? ಪ್ರಾಣ ಉಳಿಸುತ್ತಿದ್ದೆ. ಆ ಒಂದು ಮಾತನ್ನು ಎಳೆದು ಎಳೆದು ಎಷ್ಟು ಹಾಸಿಗೆಗೆ ಹೊದಿಸಿದೆನೋ ನಾನು.

ಪಾಸ್ಕ ಎಂದಾಗ ನಿನ್ನ ಹೋದ ವರ್ಷದ ಕಾಗದ ನೆನಪಾಯಿತು. ಹಿಟ್ಟಿಗೆ ನೀರು ಬಿದ್ದ ಹದಿನೆಂಟು ನಿಮಿಷದೊಳಗೆ, ಹಿಟ್ಟು ಹುಳಿಯುವ ಮುಂಚೆ, ಪಾಸ್ಕದ ರೊಟ್ಟಿ ಬೆಂದಿರಬೇಕೆಂದು ನೀನು ಹೇಳಿದ್ದಕ್ಕೆ, ಶಿಬಿರದ ಅಡುಗೆ ಹೆಂಗಸರು ಒಲೆಯ ಸುತ್ತ ನಿಂತು "ಬೇಗ, ಬೇಗ, ಇವಳ ದೇವರಿಗೆ ತಾಳ್ಮೆ ಇಲ್ಲ!" ಎಂದು ಚಪ್ಪಾಳೆ ತಟ್ಟಿದರಂತಲ್ಲ. ಅದನ್ನು ನಾನು ಸಭಾಂಗಣದಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀನು ಯಾರೆಂದು ಬಾಯಿಬಿಟ್ಟು ಹೇಳಿಕೊಂಡು ಬದುಕುತ್ತಿದ್ದೀಯ. ನನ್ನ ಕಾಲದಲ್ಲಿ, ಸುಡಾನಿನ ಗಡಿಯಲ್ಲಿ, ಯಹೂದಿ ಎಂದು ಯಾರಿಗೂ ತಿಳಿಯದಿರಲೆಂದು ನಾನು ಎರಡು ವರ್ಷ "ಸಸ್ಯಾಹಾರಿ"ಯಾಗಿದ್ದೆ. ಶುಕ್ರವಾರ ಸಂಜೆ ಸಬ್ಬತ್ ಶುರುವಾಗುವ ಹೊತ್ತಿಗೆ ಸಾರ್ಡೀನ್ ಮೀನಿನ ಡಬ್ಬದೊಳಗೆ ಎರಡು ಮೇಣದಬತ್ತಿ ಹಚ್ಚಿ ಬಾಗಿಲಿಗೆ ಕಂಬಳಿ ಇಳಿಬಿಡುತ್ತಿದ್ದೆ. ಗೊತ್ತಿದ್ದವಳು ಒಬ್ಬಳೇ, ಐರಿಶ್ ಸನ್ಯಾಸಿನಿ ಬರ್ನಡೆಟ್. ವಾರ್ಡಿನಲ್ಲಿ ನಾನು ಹೊತ್ತು ಮರೆತರೆ ಬಂದು ಪಿಸುಗುಟ್ಟುತ್ತಿದ್ದಳು: "ಏ ಹೆಟ್ಟಿ, ಸೂರ್ಯ ಮುಳುಗ್ತಿದಾನೆ ಕಣೇ. ನಿನ್ನ ಮೀನಿನ ಡಬ್ಬ ಕಾಯ್ತಾ ಇರುತ್ತೆ, ಹೋಗು." ಆ ಡಬ್ಬದ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಇರಲಿಲ್ಲ ಎಂದರೆ ನಂಬುತ್ತೀಯಾ?

ಈಗ ನಿನ್ನಮ್ಮನ ವಿಷಯ. ಮೊನ್ನೆ ಮಂಗಳವಾರ ಮ್ಯಾಂಚೆಸ್ಟರಿಗೆ ಹೋಗಿ ಪರ್ಲಳನ್ನು ನೋಡಿ ಬಂದೆ. ಸೊರಗಿದ್ದಾಳೆ, ಮುಚ್ಚಿಡುವುದಿಲ್ಲ. ಎರಡು ತಲೆದಿಂಬಿನ ನಡುವೆ ಹುಡುಕಬೇಕು ಅವಳನ್ನು. ಆದರೆ ನಾಲಿಗೆಗೆ ಯಾವ ಕಾಯಿಲೆಯೂ ತಗುಲಿಲ್ಲ.

"ಬಂದ್ಯಾ ಮಹಾತಾಯಿ? ನನ್ನ ಮಗಳು ಡಾಕ್ಟರ್ ಆಗ್ತಾಳೆ ಅಂದ್ಕೊಂಡಿದ್ದೆ. ನೀನು ಅವಳ ಕೈಲಿ ಕಕ್ಕಸಿನ ಗುಂಡಿ ತೋಡಿಸ್ದೆ" ಎಂದಳು.

"ನೀರಿನ ಇಂಜಿನಿಯರ್ ಅನ್ನು ಪರ್ಲ, ಗೌರವ ಬರುತ್ತೆ."

"ಅಂದೆ ಕಣಮ್ಮ, ಹೆಣ್ಣು ನೋಡೋಕೆ ಬಂದೋರ ಹತ್ರ. ಹುಡುಗನ ತಾಯಿ ಏನಂದ್ಲು ಗೊತ್ತಾ? 'ಓಹೋ, ನಲ್ಲಿ ರಿಪೇರಿನಾ?'"

ಇಬ್ಬರೂ ನಕ್ಕೆವು. ನಗುತ್ತ ಅವಳಿಗೆ ಕೆಮ್ಮು ಬಂತು, ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನೋಡು ಹೆಟ್ಟಿ, ಶೆವಿಗೆ ಬರಿ, ಅಮ್ಮ ಚೆನ್ನಾಗಿದಾಳೆ ಅಂತ. ಬರೋದೇನೂ ಬೇಡ ಅಂತ. ಅಲ್ಲಿ ಮಕ್ಕಳು ಸಾಯ್ತಾ ಇರೋವಾಗ ಇಲ್ಲಿ ಬಂದು ನನ್ನ ಮೂತಿ ನೋಡ್ಕೊಂಡು ಕೂತು ಏನ್ ಮಾಡ್ತಾಳೆ? ಬರೀತೀನಿ ಅಂತ ಮಾತು ಕೊಡು." ಕೊಟ್ಟೆ. ಇಗೋ, ಬರೆದಿದ್ದೇನೆ. ನಾನು ಹೊರಡುವಾಗ ಅವಳು ಕಿಟಕಿಯ ಕಡೆ ತಿರುಗಿಕೊಂಡು, ಏನೋ ಹವಾಮಾನ ವಿಚಾರಿಸಿದ ಹಾಗೆ ಕೇಳಿದಳು: "ಅಲ್ಲಿಂದ ಬರೋ ವಿಮಾನ ಎಷ್ಟು ಹೊತ್ತು ಹಾರುತ್ತೆ?"

ನಿನ್ನ ಪ್ರಶ್ನೆಗೆ ಬಂದೆ. ನನ್ನಪ್ಪನ ಕಥೆಯನ್ನು ನಿಮ್ಮ ಏಳೂ ಜನಕ್ಕೆ ಎಷ್ಟು ಸಲ ಹೇಳಿದ್ದೇನೆ. ಎಂಬತ್ತೈದನೇ ಇಸವಿಯಲ್ಲಿ ನಾನು ಸುಡಾನಿನಲ್ಲಿದ್ದಾಗ ಅಪ್ಪ ಲೀಡ್ಸಿನಲ್ಲಿ ಹಾಸಿಗೆ ಹಿಡಿದದ್ದು, ಬಟ್ಟೆ ಕಾರ್ಖಾನೆಯಲ್ಲಿ ನಲವತ್ತು ವರ್ಷ ಇಸ್ತ್ರಿ ಒತ್ತಿದ ಮನುಷ್ಯ. ನಾನು ಒಂದು ಹಗಲೆಲ್ಲ ಲಾರಿಯಲ್ಲಿ ಕೂತು ಪಟ್ಟಣದ ಅಂಚೆಕಚೇರಿಗೆ ಹೋಗಿ ಫೋನು ಮಾಡಿದ್ದು. ಅಪ್ಪ "ಪ್ರಾಣ ಉಳಿಸೋ ಕೆಲಸ ಬಿಟ್ಟು ನನ್ನ ನೋಡೋಕೆ ಬಂದ್ಯೋ, ಬಾಗಿಲು ತೆಗೆಯಲ್ಲ ನೋಡು" ಎಂದದ್ದು. ನೀವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ನನಗಿಂತ ನನ್ನಪ್ಪನೇ ನಿಮಗೆ ದೊಡ್ಡ ಗುರುವಾಗಿಬಿಟ್ಟರು.

ಆದರೆ ಮಗಳೇ, ಒಬ್ಬರ ತಂದೆ ಹೇಳಿದ ಮಾತು ಇನ್ನೊಬ್ಬರ ತಾಯಿಗೆ ಒಪ್ಪಬೇಕೆಂದೇನೂ ಇಲ್ಲ. ನೀನು ಬುದ್ಧಿವಂತೆ. ನಿನ್ನ ಮನಸ್ಸು ಏನು ಹೇಳುತ್ತದೋ ಹಾಗೆ ಮಾಡು. ಉಳಿದರೂ ಬಂದರೂ ನನ್ನ ಪ್ರೀತಿ ಒಂದೇ. ನೀರು ಕುದಿಸಿಯೇ ಕುಡಿ, ಊಟ ಬಿಡಬೇಡ. ದೇವರು ನಿನ್ನನ್ನು ಕಾಪಾಡಲಿ, ನಿನ್ನ ಕೈಯಿಂದ ಹರಿಯುವ ನೀರು ಕುಡಿದವರನ್ನೆಲ್ಲ ಕಾಪಾಡಲಿ.

ಸದಾ ನಿನ್ನ ಒಳಿತನ್ನೇ ಬಯಸುವ,
ಹೆಟ್ಟಿ ಝಿಲ್ಬರ್

ವಿ.ಸೂ.: ಶುಕ್ರವಾರ, ಮಧ್ಯಾಹ್ನ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. "ನಿನ್ನ ಮನಸ್ಸು ಹೇಳಿದಂತೆ ಮಾಡು" ಎಂದು ಬರೆದು ಕೈ ತೊಳೆದುಕೊಂಡೆನಲ್ಲ, ಥೂ, ಇಷ್ಟು ವಯಸ್ಸಾದರೂ ಹೇಡಿತನ ಹೋಗಲಿಲ್ಲ ನನಗೆ.

ಶೆವಿ, ನನ್ನಪ್ಪ ಆ ಮಾತು ಹೇಳಲೇ ಇಲ್ಲ.

ಅದನ್ನು ಕಟ್ಟಿದವಳು ನಾನು. ಆ ಹೊತ್ತಿಗೆ ಸುಡಾನಿನಲ್ಲಿ ಕಾಯಿಲೆ ಇಳಿಮುಖವಾಗಿತ್ತು, ನಾವು ಹನ್ನೊಂದು ಜನ ದಾದಿಯರಿದ್ದೆವು. "ಹೋಗ್ ಬಾರೇ, ನಿನ್ನ ವಾರ್ಡು ನಾನು ನೋಡ್ಕೋತೀನಿ. ನೀನಿಲ್ದೆ ಪ್ರಪಂಚ ಏನೂ ಮುಳುಗಲ್ಲ" ಎಂದು ಬರ್ನಡೆಟ್ ಅಂದಳು. ನನಗೆ ಚುಚ್ಚಿದ್ದೇ ಅದು. ನಾನಿಲ್ಲದೆ ಪ್ರಪಂಚ ಮುಳುಗಬೇಕಿತ್ತು ನನಗೆ. ನಾನು ಹೊರಡಲಿಲ್ಲ. ಫೋನು ಮಾಡಿದ ಆರನೇ ದಿನ ಅಪ್ಪ ಹೋದರು. ನಮ್ಮಲ್ಲಿ ಮಣ್ಣು ಮಾಡಲು ಯಾರಿಗೂ ಕಾಯುವುದಿಲ್ಲ, ನಿನಗೇ ಗೊತ್ತು. ನಾನು ಮನೆ ತಲುಪಿದಾಗ ಏಳು ದಿನದ ಸೂತಕದಲ್ಲಿ ಐದು ದಿನ ಕಳೆದಿತ್ತು. ನನ್ನ ತಮ್ಮ ಸಾಲಿ ಸೂತಕದ ಪದ್ಧತಿಯಂತೆ ಹರಿದ ಕೋಟಿನಲ್ಲಿ ಗಿಡ್ಡ ಮಣೆಯ ಮೇಲೆ ಕೂತಿದ್ದ. ಬೀದಿಯವರೆಲ್ಲ ಸೇರಿದ್ದರು. "ಅಕ್ಕ, ಫೋನಲ್ಲಿ ಅಪ್ಪ ಏನಂದ್ರು?" ಎಂದ. ಅಷ್ಟು ಜನರ ಮುಂದೆ, ಬ್ಯಾಗು ಇನ್ನೂ ಕೈಯಲ್ಲಿರುವಾಗಲೇ, ಬಾಯಿಗೆ ಆ ಮಾತು ಬಂತು. ಸಾಲಿ ನನ್ನನ್ನು ತಬ್ಬಿಕೊಂಡು ಅತ್ತ. ಆಮೇಲೆ ಹಿಂದೆಗೆಯಲು ದಾರಿಯೇ ಇರಲಿಲ್ಲ. ಹೇಳುತ್ತ ಹೇಳುತ್ತ ಅದೇ ಪಾಠವಾಯಿತು. ಆ ಪಾಠವನ್ನು ನಿನಗೆ ಕಲಿಸಿದೆ.

ಫ್ಲೆಶರ್ ಜೊತೆ ಬರುತ್ತಿರುವ ಇಡಿತ್ ನೀರಿನ ಕೆಲಸ ನಿನ್ನಷ್ಟೇ ಬಲ್ಲವಳು. ಬೆಳಿಗ್ಗೆ ಅವಳ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿ ಒಪ್ಪಿಸಿದ್ದೇನೆ. ಎರಡು ದಿನ ಅವಳಿಗೆ ಎಲ್ಲ ತೋರಿಸಿಕೊಡು. ಬುಧವಾರದ ವಿಮಾನದಲ್ಲಿ ನಿನ್ನ ಹೆಸರಿದೆ.

ಅಪ್ಪ ನಿಜವಾಗಿ ಏನಂದರು ಎಂದು ನೀನು ಕೇಳುತ್ತೀಯ. ಇಪ್ಪತ್ನಾಲ್ಕು ವರ್ಷ ಯಾರಿಗೂ ಹೇಳಿಲ್ಲ. "ಹೆಟ್ಟಿ, ನಂಗೆ ಭಯ ಆಗ್ತಿದೆ ಕಣಮ್ಮ. ಬಾ" ಎಂದರು. "ಮುಂದಿನ ವಾರ ಬರ್ತೀನಪ್ಪ" ಎಂದೆ. ಅವರು ಇನ್ನೊಂದು ಸಲ "ಬಾಮ್ಮ" ಎಂದರು. ಲೈನು ಚೆನ್ನಾಗಿಯೇ ಇತ್ತು. ನನಗೆ ಕೇಳಿಸಿತು.