ಒಲೆಕಟ್ಟೆಯ ಎತ್ತರ

ಹಲಸೂರು
೧೨-೬-೧೯೭೨

ಅಮ್ಮನಿಗೆ ಅನಸೂಯಳ ನಮಸ್ಕಾರ.

ಅಡುಗೆಮನೆಗೆ ಸುಣ್ಣ ಬಳಿಸಿದ್ದೇವೆ. ಮೇಲಿನ ಹಲಗೆಯನ್ನು ನಿನ್ನ ಕೈಗೆಟುಕುವಷ್ಟು ಇಳಿಸಿದ್ದೇವೆ.

ನಿನಗೆ ಮಂಡಿನೋವೆಂದಾಗ "ಎಲ್ರೂ ಕೂತೇ ಅಡುಗೆ ಮಾಡ್ತಾರೆ" ಎಂದು ರೇಗಿದ್ದ ಅಪ್ಪ, ನೀನು ಮುನಿಸಿಕೊಂಡು ಸೋದರಮಾವನ ಮನೆಗೆ ಹೋದ ಈ ಎರಡು ತಿಂಗಳೂ ನೆಲದ ಒಲೆಯ ಮುಂದೆ ತಾವೇ ಕೂತು ಬೇಯಿಸಿದರು. ಮೊನ್ನೆ ಗೋಡೆ ಹಿಡಿದು ಎದ್ದವರು, ನೇರವಾಗಿ ಹೋಗಿ ಕಡಪಾ ಕಲ್ಲು ತಂದರು. ನಿಂತು ಅಡುಗೆ ಮಾಡಲು ಕಟ್ಟೆ ಹಾಕಿಸುತ್ತಾರಂತೆ.

ಗಾರೆಯವರು ನನ್ನನ್ನು ನಿಲ್ಲಿಸಿ ಎತ್ತರ ನೋಡಹೊರಟರು. ಅಪ್ಪ ತಡೆದು, "ಇವಳು ನಾಳೆ ಮದುವೆಯಾಗಿ ಹೋಗೋಳು. ಇವಳಮ್ಮನ ಅಳತೆ ತರಿಸ್ತೀನಿ, ತಡಿಯಪ್ಪ" ಎಂದರು.

ನೆಲದಿಂದ ನಿನ್ನ ಸೊಂಟಕ್ಕೆ ಎಷ್ಟು ಅಂಗುಲವೆಂದು ಒಂದು ಕಾರ್ಡು ಹಾಕು. ಬೇರೇನೂ ಬರೆಯದಿದ್ದರೂ ನಡೆಯುತ್ತದೆ.

ನಿನ್ನ ಮಗಳು
ಅನಸೂಯ